ಎಸ್‌ಎಲ್-1200 ರಿಪೇರಿ: ಒಂದು ‘ಶಭಾಷ್’ಗಾಗಿ ಆರು ವಾರ

ಪೆಟ್ಟಿಗೆ ಮನೆಗೆ ಬಂದದ್ದು ಒಂದು ಶುಕ್ರವಾರ ರಾತ್ರಿ. ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿಯಿತು. ಟರ್ನ್‌ಟೇಬಲ್, ಅಂದರೆ ರೆಕಾರ್ಡ್ ಪ್ಲೇಯರ್, ಒಂದೇ ಹನ್ನೆರಡೂವರೆ ಕೆ.ಜಿ., ಪ್ಯಾಕಿಂಗ್ ಬೇರೆ. ಜಪಾನಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ವಾಪಸ್ ಬಂದ ಗೆಳೆಯ ಮನೆ ಸಾಮಾನಿನ ಜೊತೆ ಎರಡು ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ತಂದಿದ್ದ. "ಓಡುತ್ತವೆ, ಆದ್ರೆ ಸರಿಯಾಗಿ ಓಡಲ್ಲ" ಎಂದು ಹೇಳಿಯೇ ಕೊಟ್ಟ. ಆ ಮಾತಿನಲ್ಲಿ ಮೋಸ ಇರಲಿಲ್ಲ.

ನನಗೆ ಇದು ಬೇಕಾದದ್ದು ಅಕ್ಕನ ಮಗನಿಗಾಗಿ. ಹುಡುಗ ಕನ್ನಡದಲ್ಲಿ ರ್‍ಯಾಪ್ ಬರೆಯುತ್ತಾನೆ. ಆಲ್ ಓಕೆ, ರಾಹುಲ್ ಡಿಟ್ಟೋ, ಚಂದನ್ ಶೆಟ್ಟಿ ಇವರನ್ನೆಲ್ಲ ಕೇಳಿಕೊಂಡು ಬೆಳೆದವನು. ಬೀಟ್ ಎಲ್ಲ ಲ್ಯಾಪ್‌ಟಾಪ್‌ನಲ್ಲೇ ಮಾಡುತ್ತಾನೆ. ಹೊಸ ಹಾಡಿನಲ್ಲಿ ಪಲ್ಲವಿ ಬೇಡ, ಆ ಜಾಗದಲ್ಲಿ ಸ್ಕ್ರ್ಯಾಚ್ ಇರಲಿ, ಅಂದರೆ ತಿರುಗುವ ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ಉಜ್ಜಿ ಬರಿಸುವ ಸದ್ದು ಇರಲಿ ಎಂದು ಅವನಿಗೆ ಅನ್ನಿಸಿತ್ತು. ಇಂಟರ್‌ನೆಟ್‌ನಿಂದ ಸ್ಕ್ರ್ಯಾಚ್ ಸದ್ದುಗಳ ಒಂದು ಮೂಟೆಯನ್ನೇ ಇಳಿಸಿಕೊಂಡಿದ್ದ. ಕೇಳಿದರೆ ಎಲ್ಲ ಕಡೆ ಅದೇ ‘ಆಹ್’, ಅದೇ ‘ಫ್ರೆಶ್’.

ಈ ಎರಡು ಸದ್ದುಗಳ ಮೂಲ ಒಂದೇ. 1982ರಲ್ಲಿ ನ್ಯೂಯಾರ್ಕಿನ ಹಿಪ್-ಹಾಪ್ ಕಲಾವಿದ ಫ್ಯಾಬ್ 5 ಫ್ರೆಡ್ಡಿ ಹೆಸರಿನಲ್ಲಿ ಬಂದ ಒಂದು ಹನ್ನೆರಡು ಇಂಚಿನ ರೆಕಾರ್ಡ್‌ನ ಕೊನೆಯಲ್ಲಿ, ದನಿಯನ್ನು ಯಂತ್ರದ ದನಿ ಮಾಡುವ ವೋಕೋಡರ್ ಮೂಲಕ ಯಾರೋ ಆಡಿದ ಒಂದು ಸಾಲು ಇದೆ. ನಲವತ್ತು ವರ್ಷದಿಂದ ಜಗತ್ತಿನ ಡಿಜೆಗಳು ಆ ಒಂದು ಸಾಲನ್ನೇ ಉಜ್ಜುತ್ತಿದ್ದಾರೆ. "ಮಾಮಾ, ಕನ್ನಡದ ಮಾತು ಉಜ್ಜೋಕಾಗಲ್ವಾ?" ಎಂದು ಹುಡುಗ ಕೇಳಿದ. ಆಗುತ್ತೆ ಎಂದುಬಿಟ್ಟೆ. ಆರು ವಾರ ಹೋದದ್ದು ಆ ಒಂದು ಮಾತಿಗೆ.

ಮೊದಲು ಕರೆಂಟು

ಹಿಂಬದಿಯ ಲೇಬಲ್‌ನಲ್ಲಿ 100 ವೋಲ್ಟ್ ಎಂದು ಬರೆದಿತ್ತು. ಜಪಾನಿನ ಮನೆಗಳಲ್ಲಿ ಬರುವುದು ಅಷ್ಟೇ. ನಮ್ಮದು 230. ಪಿನ್ ಚಪ್ಪಟೆ ಇದ್ದರೂ ಐದು ಸಾಕೆಟ್ ಅಡಾಪ್ಟರ್‌ಗೆ ಸಲೀಸಾಗಿ ಕೂರುತ್ತದೆ. ಅಪಾಯ ಇರುವುದೇ ಅಲ್ಲಿ. ಜಪಾನಿನಿಂದ ಏನಾದರೂ ತರಿಸಿದರೆ ಮೊದಲು ಪ್ಲಗ್ ಮೇಲೆ ಒಂದು ಟೇಪ್ ಸುತ್ತಿಬಿಡಿ. ಮನೆಯಲ್ಲಿ ಯಾರೂ ಸುಮ್ನೆ ಕುತೂಹಲಕ್ಕೆ ಚುಚ್ಚಬಾರದು.

ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದೆ. ಮೊದಲ ಅಂಗಡಿಯಲ್ಲಿ ‘100 ವೋಲ್ಟ್ ಸ್ಟೆಪ್‌ಡೌನ್’ ಎಂದು ಕೊಟ್ಟದ್ದನ್ನು ಅಲ್ಲೇ ಮೀಟರ್ ಹಾಕಿ ನೋಡಿದೆ. 118 ತೋರಿಸಿತು. ಲೋಡ್ ಇಲ್ಲದಾಗ ಸ್ವಲ್ಪ ಜಾಸ್ತಿ ತೋರಿಸುವುದು ಸಹಜ, ಆದರೆ ಇದು ಅಮೆರಿಕದ ಸಾಮಾನಿಗೆ ಅಂತ ಮಾಡಿದ 110ರ ಟ್ರಾನ್ಸ್‌ಫಾರ್ಮರ್. ವಾಪಸ್ ಕೊಟ್ಟೆ. ಒಳಗಿನ ಗಲ್ಲಿಯಲ್ಲಿ ವೈಂಡಿಂಗ್ ಮಾಡುವ ಒಬ್ಬ ಹಿರಿಯರು ಎರಡು ದಿನದಲ್ಲಿ 100 ವೋಲ್ಟಿಗೆ ಸುತ್ತಿ ಕೊಟ್ಟರು. ಟರ್ನ್‌ಟೇಬಲ್ ತಿನ್ನುವುದು ಹದಿನೈದು ವ್ಯಾಟ್ ಒಳಗೆ. ನಾನು ಹೇಳಿದ್ದು 50 ವಿಎ (ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ), ಅವರು ಸುತ್ತಿದ್ದು 100 ವಿಎ. "ದೊಡ್ಡದಿರ್ಲಿ ಬಿಡಿ, ಬಿಸಿ ಆಗಲ್ಲ" ಅಂದರು. ಈ ದೊಡ್ಡಸ್ತಿಕೆ ಮುಂದೆ ನನಗೆ ಕಾಟ ಕೊಟ್ಟಿತು, ಅದು ಆಮೇಲೆ.

ಸ್ವಿಚ್ ತಿರುಗಿಸಿದಾಗ ಕೆಂಪು ದೀಪ ಬಂತು. ಸ್ಟಾರ್ಟ್ ಒತ್ತಿದೆ. ರೆಕಾರ್ಡ್ ಕೂರುವ ತಟ್ಟೆ ಒಂದು ಸೆಕೆಂಡಿಗೂ ಮೊದಲೇ ಪೂರ್ತಿ ವೇಗ ಹಿಡಿಯಿತು. ಆ ಜಿಗಿತ ನೋಡಿದ ಮೇಲೆ ಇದನ್ನು ಬಿಡಲು ಮನಸ್ಸಾಗುವುದಿಲ್ಲ. ತಟ್ಟೆ ಮತ್ತು ಚಾಪೆ ಸೇರಿ ಸುಮಾರು ಎರಡು ಕೆ.ಜಿ. ಇದ್ದೀತು. ಆದರೂ ಅದು ಎದ್ದು ಓಡುವುದು ಮುಕ್ಕಾಲು ಸೆಕೆಂಡಿನೊಳಗೆ.

ತೊಂದರೆಗಳು ಆಮೇಲೆ ಒಂದೊಂದಾಗಿ ಹೊರಬಂದವು. ಎಡಗಡೆ ಸದ್ದಿಲ್ಲ. ವೇಗ ಹೆಚ್ಚು ಕಡಿಮೆ ಮಾಡುವ ಪಿಚ್ ಸ್ಲೈಡರ್ ಮುಟ್ಟಿದರೆ ವೇಗ ಎಲ್ಲೆಲ್ಲೋ ಹೋಗುತ್ತದೆ. ಸ್ಟಾಪ್ ಒತ್ತಿದರೆ ತಟ್ಟೆ ನಿಂತು, ಒಂದು ಚೂರು ಹಿಂದಕ್ಕೂ ತಿರುಗಿ ಆಮೇಲೆ ಸುಮ್ಮನಾಗುತ್ತದೆ. ಸೂಜಿಗೆ ಬೆಳಕು ಬಿಡುವ ಪುಟ್ಟ ದೀಪ ಸತ್ತಿದೆ. ಇದು ಒಂದರ ಕತೆ. ಎರಡನೆಯದನ್ನು ಇನ್ನೂ ಬಿಚ್ಚಿರಲಿಲ್ಲ.

ತಟ್ಟೆಯ ಕೆಳಗೆ

ಎರಡನೇ ವಾರ ಬಿಚ್ಚಿದೆ. ಎಂಕೆ2 ತಟ್ಟೆ ಎತ್ತಲು ಎರಡು ತೂತುಗಳಿವೆ. ಅದರಲ್ಲಿ ಬೆರಳು ಹಾಕಿ ನೇರ ಮೇಲಕ್ಕೆ ಎಳೆದರೆ ಬರುತ್ತದೆ. ತಿರುಗಿಸಿ ನೋಡಿದೆ. ಕೆಳಗೆ ಉಂಗುರದಂಥ ದೊಡ್ಡ ಆಯಸ್ಕಾಂತ. ಡೆಕ್ಕಿನ ನಡುವೆ ತಾಮ್ರದ ಸುರುಳಿಗಳು. ಬೆಲ್ಟ್ ಇಲ್ಲ, ಗೇರ್ ಇಲ್ಲ, ರಬ್ಬರ್ ಚಕ್ರ ಇಲ್ಲ. ತಟ್ಟೆಯೇ ಮೋಟಾರಿನ ತಿರುಗುವ ಭಾಗ.

ಇದನ್ನು ಡೈರೆಕ್ಟ್ ಡ್ರೈವ್ ಅನ್ನುತ್ತಾರೆ. ಟೆಕ್ನಿಕ್ಸ್ ಹೆಸರಿನ ಹಿಂದಿದ್ದ ಒಸಾಕಾದ ಮತ್ಸುಶಿತಾ ಕಂಪನಿಯ ಇಂಜಿನಿಯರ್ ಶುಯಿಚಿ ಒಬಾಟಾ ಮತ್ತು ಅವರ ತಂಡ ಇದರ ಮೇಲೆ ಕೆಲಸ ಮಾಡಿ 1970ರಲ್ಲಿ ಎಸ್‌ಪಿ-10 ಎಂಬ ಟರ್ನ್‌ಟೇಬಲ್ ತಂದರು. 1972ರಲ್ಲಿ ಮನೆಯವರಿಗಾಗಿ ಎಸ್‌ಎಲ್-1200 ಬಂತು. 1979ರಲ್ಲಿ ಈ ಎಂಕೆ2. ಅದೇ ಮತ್ಸುಶಿತಾದ ಹೆಸರು ನಮ್ಮಲ್ಲಿ ‘ನ್ಯಾಷನಲ್ ಪ್ಯಾನಾಸೋನಿಕ್’ ಎಂದು ಟೇಪ್ ರೆಕಾರ್ಡರ್‌ಗಳ ಮೇಲಿತ್ತು. ನಮ್ಮ ಮನೆಯ ಟೇಪ್ ರೆಕಾರ್ಡರ್ ಮತ್ತು ಹಿಪ್-ಹಾಪ್‌ನ ಅತಿ ಮುಖ್ಯ ವಾದ್ಯ ಒಂದೇ ಮನೆತನದವು ಎಂದು ಗೊತ್ತಾದಾಗ ನನಗಂತೂ ಖುಷಿಯಾಯಿತು.

ಬೆಲ್ಟ್ ಇರುವ ಟರ್ನ್‌ಟೇಬಲ್‌ನಲ್ಲಿ ರೆಕಾರ್ಡ್ ಹಿಡಿದು ನಿಲ್ಲಿಸಿದರೆ ಬೆಲ್ಟ್ ಜಾರುತ್ತದೆ, ಹಿಗ್ಗುತ್ತದೆ. ಬಿಟ್ಟಾಗ ತಟ್ಟೆ ಒಂದು ಸುತ್ತು ತಡವರಿಸಿ ವೇಗ ಹಿಡಿಯುತ್ತದೆ. ಹಾಡು ಕುಡಿದವನ ಹಾಗೆ ಶುರುವಾಗುತ್ತದೆ. ಇಲ್ಲಿ ಹಾಗಲ್ಲ. ಮೇಲೆ ಕೈ ಇಟ್ಟು ರೆಕಾರ್ಡ್ ತಡೆದರೂ ಕೆಳಗೆ ತಟ್ಟೆ ತನ್ನ ಪಾಡಿಗೆ ತಿರುಗುತ್ತಿರುತ್ತದೆ. ಕೈ ಎತ್ತಿದರೆ ಹಾಡು ಅಲ್ಲೇ, ಅದೇ ವೇಗದಲ್ಲಿ. ಕಂಪನಿಯವರು ಮೊದಲ ಎಸ್‌ಎಲ್-1200 ಮಾಡಿದ್ದು ಮನೆಯಲ್ಲಿ ಕೂತು ಹಾಡು ಕೇಳುವವರಿಗೆ. ಅದು ಹೋಗಿ ಸೇರಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗರ ಕೈಗೆ.

ಇಲ್ಲೊಂದು ಎಡವಟ್ಟು ಮಾಡಿದೆ. ತಟ್ಟೆಯನ್ನು ಆಯಸ್ಕಾಂತ ಮೇಲೆ ಮಾಡಿ ಟೇಬಲ್ ಮೇಲೇ ಇಟ್ಟಿದ್ದೆ. ನಡುವಿನ ಪ್ಲಾಸ್ಟಿಕ್ ಮುಚ್ಚಳದ ಐದು ಸ್ಕ್ರೂ ತೆಗೆದು ಪಕ್ಕದಲ್ಲಿ ಇಟ್ಟೆ. ಸಂಜೆ ಎಣಿಸಿದರೆ ನಾಲ್ಕು. ನೆಲ ಗುಡಿಸಿದೆ, ಟಾರ್ಚ್ ಹಾಕಿ ಸೋಫಾ ಅಡಿ ಹುಡುಕಿದೆ, ಸಿಗಲಿಲ್ಲ. ಹೋಗಲಿ ಎಂದು ತಟ್ಟೆ ಕೂರಿಸಿ ಸ್ಟಾರ್ಟ್ ಒತ್ತಿದೆ. ‘ಕರ್‌ರ್‌ರ್’ ಎಂದು ಒಂದು ಸದ್ದು. ಎದೆ ಝಲ್ ಎಂದಿತು. ಸ್ಕ್ರೂ ಆಯಸ್ಕಾಂತದ ಒಳಗೋಡೆಗೆ ಅಂಟಿಕೊಂಡಿತ್ತು. ಪುಣ್ಯಕ್ಕೆ ಸುರುಳಿಗೆ ತಾಗಿರಲಿಲ್ಲ, ಪ್ಲಾಸ್ಟಿಕ್ ಮುಚ್ಚಳದ ಮೇಲೆ ಒಂದು ಗೀರು ಬಿದ್ದಿತ್ತು. ಅವತ್ತಿನಿಂದ ತಟ್ಟೆಯನ್ನು ಬಟ್ಟೆ ಸುತ್ತಿ ಬೇರೆ ಕೋಣೆಯಲ್ಲಿ ಇಡುತ್ತೇನೆ.

ಮುಚ್ಚಳದ ಕೆಳಗೆ ಬೋರ್ಡ್‌ನಲ್ಲಿ ಬ್ರೇಕಿಗೆ ಒಂದು ಪುಟ್ಟ ತಿರುಪು ಇದೆ. ಅದನ್ನು ಕೂದಲೆಳೆಯಷ್ಟು ತಿರುಗಿಸಿದೆ. ತಟ್ಟೆ ಹಿಂದಕ್ಕೆ ತಿರುಗುವುದು ನಿಂತಿತು. ಇಷ್ಟು ಸುಲಭಕ್ಕೆ ಸರಿಹೋದದ್ದು ಇದೊಂದೇ.

ಎಡಗಡೆಯ ಮೌನ

ಒಂದು ಕಡೆ ಸದ್ದಿಲ್ಲ ಅಂದರೆ ಕಾರಣ ನಾಲ್ಕೈದು ಕಡೆ ಇರಬಹುದು. ಸೂಜಿ ಸಿಕ್ಕಿಸುವ ಪುಟ್ಟ ಡಬ್ಬಿ, ಅಂದರೆ ಕಾರ್ಟ್ರಿಜ್; ಅದನ್ನು ಹಿಡಿಯುವ ಹೆಡ್‌ಶೆಲ್‌ನ ಪುಟ್ಟ ತಂತಿಗಳು; ಇವನ್ನು ಹೊತ್ತ ಉದ್ದನೆಯ ತೋಳು, ಅಂದರೆ ಟೋನ್‌ಆರ್ಮ್ ಒಳಗಿನ ಎಳೆಗಳು; ಕೊನೆಗೆ ಸದ್ದನ್ನು ಹೊರಗೆ ಒಯ್ಯುವ ಆರ್‌ಸಿಎ ಕೇಬಲ್. ಮುಂದಿನಿಂದ ಹಿಂದಕ್ಕೆ ಹೋದೆ. ಮೊದಲು ಹೆಡ್‌ಶೆಲ್ ಬಿಚ್ಚಿ ಹಿಂದಿನ ನಾಲ್ಕು ಪಿನ್‌ಗಳನ್ನು ಮಕ್ಕಳ ರಬ್ಬರ್‌ನಿಂದ ಉಜ್ಜಿದೆ. ಕಪ್ಪು ಹೋಯಿತು, ಸದ್ದು ಬರಲಿಲ್ಲ. ಕಾರ್ಟ್ರಿಜ್‌ನ ತಂತಿಗಳಲ್ಲಿ ಬಿಳಿ ಎಡಗಡೆಯದು, ನೀಲಿ ಅದರ ಗ್ರೌಂಡ್. ಕೆಂಪು ಬಲಗಡೆಯದು, ಹಸಿರು ಅದರ ಗ್ರೌಂಡ್. ಎಡ ಬಲ ಅದಲು ಬದಲು ಮಾಡಿ ಹಾಕಿದೆ. ಆಗಲೂ ಸತ್ತದ್ದು ಎಡಗಡೆಯೇ. ಹಾಗಾದರೆ ಕಾರ್ಟ್ರಿಜ್ ಚೆನ್ನಾಗಿದೆ, ತೊಂದರೆ ಇನ್ನೂ ಹಿಂದೆ.

ಆಮೇಲೆ ಮೀಟರ್. ಹೆಡ್‌ಶೆಲ್ ತೆಗೆದೇ ಅಳೆಯಬೇಕು. ಕಾರ್ಟ್ರಿಜ್ ಸಿಕ್ಕಿಸಿಕೊಂಡು ಮೀಟರ್ ಹಾಕಿದರೆ ಅದರ ಕೂದಲಿನಂಥ ಸುರುಳಿಗೆ ಮೀಟರಿನ ಕರೆಂಟು ಹೋಗುತ್ತದೆ. ಟೋನ್‌ಆರ್ಮ್ ತುದಿಯ ಪಿನ್‌ಗೂ ಆರ್‌ಸಿಎ ಪ್ಲಗ್‌ನ ತುದಿಗೂ ಹಿಡಿದೆ. ಮೂರು ‘ಬೀಪ್’ ಅಂದವು, ಒಂದು ಅನ್ನಲಿಲ್ಲ. ಪ್ಲಗ್ ಹತ್ತಿರ ಕೇಬಲ್ ಬಗ್ಗಿಸಿದಾಗ ಬೀಪ್ ಬಂದು ಬಂದು ಹೋಯಿತು. ಕಳ್ಳ ಸಿಕ್ಕ.

ಎಂಕೆ2ನಲ್ಲಿ ಕೇಬಲ್ ಎಳೆದು ಬದಲಿಸುವ ಹಾಗಿಲ್ಲ, ಒಳಗೇ ಬೆಸೆದಿದ್ದಾರೆ. ಡೆಕ್ ತಲೆಕೆಳಗು ಮಾಡಿ, ನಾಲ್ಕು ಕಾಲು ತಿರುಗಿಸಿ ತೆಗೆದು, ಕೆಳಗಿನ ದಪ್ಪ ರಬ್ಬರ್ ತಳದ ಸ್ಕ್ರೂ ಬಿಚ್ಚಬೇಕು. ಸ್ಕ್ರೂ ಒಂದೆರಡಲ್ಲ, ಬಿಚ್ಚುತ್ತಾ ಬಿಚ್ಚುತ್ತಾ ಕಾಫಿ ಆರಿಹೋಯಿತು. ಡೆಕ್ಕಿನ ತೂಕಕ್ಕೆ ಈ ರಬ್ಬರ್ ತಳವೂ ಒಂದು ಕಾರಣ. ಜೋರಾಗಿ ಬಡಿಯುವ ಸ್ಪೀಕರ್ ಪಕ್ಕದಲ್ಲೇ ಇದ್ದರೂ ಸೂಜಿ ನಡುಗಬಾರದಲ್ಲ, ಅದಕ್ಕೆ.

ಟೋನ್‌ಆರ್ಮ್ ಕೆಳಗೆ ಒಂದು ಪುಟ್ಟ ಬೋರ್ಡ್. ಒಂದು ಕಡೆ ಆರ್ಮ್‌ನಿಂದ ಬರುವ ಎಳೆಗಳು, ಇನ್ನೊಂದು ಕಡೆ ಕೇಬಲ್. ಆ ಎಳೆಗಳು ಹತ್ತಿ ನೂಲಿಗಿಂತ ತೆಳು. ಅವನ್ನು ಮುಟ್ಟಬೇಡಿ, ಉಸಿರನ್ನೂ ಆ ಕಡೆ ಬಿಡಬೇಡಿ. ಬೆಸುಗೆ ಕಡ್ಡಿಯನ್ನು ಮೂರು ಸೆಕೆಂಡಿಗಿಂತ ಹೆಚ್ಚು ಒತ್ತಿದರೆ ಬೋರ್ಡಿನ ತಾಮ್ರವೇ ಎದ್ದು ಬರುತ್ತದೆ. ಹಳೆಯ ಕೇಬಲ್ ತೆಗೆದು ಹೊಸದು ಹಾಕಲು ನನಗೆ ಒಂದು ಗಂಟೆ ಬೇಕಾಯಿತು. ಅಭ್ಯಾಸ ಇರುವವರಿಗೆ ಹತ್ತು ನಿಮಿಷದ ಕೆಲಸ.

ಎಲ್ಲ ಮುಚ್ಚಿ ಹಾಕಿದೆ. ಎಡಗಡೆ ಸದ್ದು ಬಂತು. ಜೊತೆಗೆ ಎರಡೂ ಕಡೆ ‘ಗುಂಯ್’ ಎಂಬ ಗುನುಗು.

ಈ ಗುನುಗಿನ ಹಿಂದೆ ಮೂರು ದಿನ ಬಿದ್ದೆ. ಮೊದಲ ತಪ್ಪು ನನ್ನದೇ. ಹಳೆಯ ಕೇಬಲ್ ಜೊತೆ ಒಂದು ತೆಳುವಾದ ಗ್ರೌಂಡ್ ತಂತಿ ಬೇರೆಯಾಗಿ ಹೊರಗೆ ಬರುತ್ತಿತ್ತು. ಅದನ್ನು ಎರಡು ಡೆಕ್ಕಿನ ಸದ್ದು ಕೂಡಿಸುವ ಮಿಕ್ಸರ್ ಹಿಂದಿನ ಸ್ಕ್ರೂಗೆ ಕಟ್ಟಬೇಕು. ಹೊಸ ಕೇಬಲ್‌ನಲ್ಲಿ ಅದಿಲ್ಲ, ನಾನು ಗಮನಿಸಿರಲಿಲ್ಲ. ಮತ್ತೆ ಅಷ್ಟೂ ಸ್ಕ್ರೂ ಬಿಚ್ಚಿ ಒಂದು ಮೀಟರ್ ತಂತಿ ಹಾಕಿದೆ. ಗುನುಗು ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ವಿಚಿತ್ರವಾಗಿತ್ತು. ಟೋನ್‌ಆರ್ಮ್ ರೆಕಾರ್ಡಿನ ಅಂಚಿನಲ್ಲಿದ್ದಾಗ ಜಾಸ್ತಿ, ನಡುವಿಗೆ ಹೋದಾಗ ಕಡಿಮೆ. ಸೂಜಿ ಎತ್ತಿ ಕೈಯಲ್ಲಿ ಆ ಕಡೆ ಈ ಕಡೆ ಆಡಿಸಿದರೂ ಗುನುಗು ಏರಿಳಿಯುತ್ತಿತ್ತು.

ಕಾರ್ಟ್ರಿಜ್ ಅಂದರೆ ಆಯಸ್ಕಾಂತ ಮತ್ತು ಸುರುಳಿ ತಾನೇ. ಅದರಿಂದ ಹೊರಬರುವುದು ಕೆಲವೇ ಮಿಲಿವೋಲ್ಟ್. ಹತ್ತಿರ ಎಲ್ಲಿ ಟ್ರಾನ್ಸ್‌ಫಾರ್ಮರ್ ಇದ್ದರೂ ಅದರ ಗಾಳಿ ಹಿಡಿದುಬಿಡುತ್ತದೆ. ನನ್ನ 100 ವಿಎ ಸ್ಟೆಪ್‌ಡೌನ್ ಟರ್ನ್‌ಟೇಬಲ್‌ನ ಬಲಕ್ಕೇ, ಟೋನ್‌ಆರ್ಮ್ ಪಕ್ಕದಲ್ಲೇ ಗಟ್ಟಿಯಾಗಿ ಕೂತಿತ್ತು. ಅದನ್ನು ಎತ್ತಿ ಒಂದೂವರೆ ಮೀಟರ್ ದೂರ, ನೆಲದ ಮೇಲೆ ಇಟ್ಟೆ. ಪೂರ್ತಿ ಮೌನ. ಮೂರು ದಿನ ಬೆಸುಗೆ, ತಂತಿ ಅಂತ ಒದ್ದಾಡಿದ್ದಕ್ಕೆ ಪರಿಹಾರ ಆ ಡಬ್ಬ ಸರಿಸುವುದಾಗಿತ್ತು.

ಪಿಚ್ ಸ್ಲೈಡರ್, ಮತ್ತು ನನ್ನ ಬುದ್ಧಿಗೇಡಿತನ

ಎಂಕೆ2ನಲ್ಲಿ ವೇಗವನ್ನು ಎಂಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡಬಹುದು. ಎರಡು ಡೆಕ್ಕಿನ ಹಾಡಿನ ತಾಳ ಕೂಡಿಸಲು ಇದೇ ಬೇಕು. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂನಲ್ಲಿ ಡಿಜೆ ಕೂಲ್ ಹರ್ಕ್ ತನ್ನ ತಂಗಿ ಸಿಂಡಿಗಾಗಿ ಹಾಡು ಹಾಕಿದ ಪಾರ್ಟಿಯನ್ನು ಹಿಪ್-ಹಾಪ್‌ನ ಹುಟ್ಟುಹಬ್ಬ ಅಂತಾರೆ. ಪ್ರವೇಶಕ್ಕೆ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50. ಆಗ ಇಂಥ ಸ್ಲೈಡರ್ ಇರಲಿಲ್ಲ. ಒಂದೇ ಹಾಡಿನ ಎರಡು ರೆಕಾರ್ಡ್ ಇಟ್ಟುಕೊಂಡು, ಡ್ರಮ್ ಮಾತ್ರ ಬರುವ ತುಂಡು ಒಂದರಲ್ಲಿ ಮುಗಿಯುತ್ತಿದ್ದ ಹಾಗೆ ಇನ್ನೊಂದರಲ್ಲಿ ಶುರು ಮಾಡುವುದು ಹರ್ಕ್‌ನ ಪಟ್ಟು. ನಮ್ಮ ಭಜನೆಯಲ್ಲಿ ಕೊನೆಯ ಸಾಲನ್ನು ಬಿಡದೆ ಎಳೆಯುತ್ತಾರಲ್ಲ, ಹೆಚ್ಚು ಕಡಿಮೆ ಹಾಗೆ.

ನನ್ನ ಸ್ಲೈಡರ್ ಬಿಗಿಯಾಗಿತ್ತು. ಮನೆಯಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಇತ್ತು. ಸೀಳಿನೊಳಗೆ ಒಂದು ಸಲ ಪುಸ್ ಎಂದು ಬಿಟ್ಟೆ. ಐದು ನಿಮಿಷ ಬೆಣ್ಣೆಯ ಹಾಗೆ ಜಾರಿತು. ಮಾರನೇ ದಿನ ಮೊದಲಿಗಿಂತ ಕೆಟ್ಟುಹೋಯಿತು. ಆ ಸ್ಪ್ರೇ ಒಳಗಿನ ಗ್ರೀಸನ್ನು ಕರಗಿಸಿ ಕಾರ್ಬನ್ ಪಟ್ಟಿಯ ಮೇಲೆ ಹರಡಿತ್ತು. ಅದರ ಮೇಲೆ ಬೆಂಗಳೂರಿನ ಧೂಳು. ಗೊತ್ತಿದ್ದೂ ಮಾಡಿದೆ ನೋಡಿ, ಬೈಯಲು ಬೇರೆ ಯಾರೂ ಇಲ್ಲ.

ಸ್ಲೈಡರ್ ಹೊರಗೆ ತೆಗೆದು, ತಗಡಿನ ಹಲ್ಲುಗಳನ್ನು ಮೆಲ್ಲಗೆ ಮೇಲೆತ್ತಿ ತೆರೆದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಕಿವಿ ಬಡ್ಸ್‌ನಿಂದ ಪಟ್ಟಿಯನ್ನು ಒರೆಸಿದೆ. ಮೂರು ಬಡ್ಸ್ ಕಪ್ಪಾಗಿ, ನಾಲ್ಕನೆಯದು ಬೆಳ್ಳಗೆ ಬಂದಾಗ ನಿಲ್ಲಿಸಿದೆ. ಜಾಸ್ತಿ ಉಜ್ಜಿದರೆ ಕಾರ್ಬನ್ನೇ ಹೋಗುತ್ತದೆ. ಜಾರುವ ಅಂಚುಗಳಿಗೆ ಮಾತ್ರ, ಪಟ್ಟಿಗೆ ತಾಗದ ಹಾಗೆ, ಇಂಥ ಸ್ಲೈಡರ್‌ಗೆಂದೇ ಇರುವ ಫೇಡರ್ ಗ್ರೀಸ್ ಒಂದು ಚುಕ್ಕೆ.

ಸರಿಯಾಗಿದೆಯಾ ಎಂದು ನೋಡಲು ಬೇರೆ ಯಂತ್ರ ಬೇಡ. ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕೆಗಳಿವೆ, ಪಕ್ಕದಲ್ಲಿ ಮಿನುಗುವ ಕೆಂಪು ದೀಪ. ಸ್ಲೈಡರ್ ಸೊನ್ನೆಯಲ್ಲಿದ್ದಾಗ ದೊಡ್ಡ ಚುಕ್ಕೆಗಳ ಸಾಲು ನಿಂತ ಹಾಗೆ ಕಾಣಬೇಕು. ಮೇಲಿನ ಸಾಲು ನಿಂತರೆ ವೇಗ ಆರು ಪರ್ಸೆಂಟ್ ಜಾಸ್ತಿ, ಅದರ ಕೆಳಗಿನದು 3.3 ಜಾಸ್ತಿ, ತೀರಾ ಕೆಳಗಿನದು 3.3 ಕಡಿಮೆ. ಆ ದೀಪ ಮಿನುಗುವುದು ಒಳಗಿನ ಕ್ವಾರ್ಟ್ಜ್ ಹರಳಿನ ಲೆಕ್ಕಕ್ಕೆ, ಮನೆಯ ಕರೆಂಟಿನ ಲೆಕ್ಕಕ್ಕಲ್ಲ. ಸ್ಲೈಡರನ್ನು +6ಕ್ಕೆ ಇಟ್ಟೆ. ಮೇಲಿನ ಸಾಲು ಇರುವೆ ಸಾಲಿನ ಹಾಗೆ ನಿಧಾನ ಹರಿಯುತ್ತಿತ್ತು. ಒಳಗಿನ ತಿರುಪನ್ನು ತಿರುಗಿಸಿ ನಿಲ್ಲಿಸಿದೆ. ಮತ್ತೆ ಸೊನ್ನೆ, ಮತ್ತೆ −3.3, ಮತ್ತೆ +6. ನಾಲ್ಕೈದು ಸುತ್ತು ಆದ ಮೇಲೆ ಎಲ್ಲ ಕಡೆ ಚುಕ್ಕೆಗಳು ನಿಂತವು.

ಗಂಜಿ ಹಾಕಿದ ಸ್ಲಿಪ್‌ಮ್ಯಾಟ್

ಡೆಕ್ಕಿನ ಜೊತೆ ಬರುವ ದಪ್ಪ ರಬ್ಬರ್ ಚಾಪೆ ರೆಕಾರ್ಡನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಾಡು ಕೇಳಲು ಅದು ಸರಿ. ಸ್ಕ್ರ್ಯಾಚ್‌ಗೆ ರೆಕಾರ್ಡ್ ಜಾರಬೇಕು, ಅದಕ್ಕೆ ಬೇಕಾದ ಜಾರು ಚಾಪೆಯೇ ಸ್ಲಿಪ್‌ಮ್ಯಾಟ್. ಬ್ರಾಂಕ್ಸ್‌ನ ಇನ್ನೊಬ್ಬ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್‌ನ ತಾಯಿ ಹೊಲಿಗೆ ಕೆಲಸ ಮಾಡುತ್ತಿದ್ದರು. ಮನೆಯಲ್ಲಿದ್ದ ಫೆಲ್ಟ್ ಬಟ್ಟೆಯನ್ನು ಗುಂಡಗೆ ಕತ್ತರಿಸಿ, ಅಮ್ಮನ ಸ್ಟಾರ್ಚ್ ಹಾಕಿ ಇಸ್ತ್ರಿ ಮಾಡಿ ಗಟ್ಟಿ ಮಾಡಿಕೊಂಡ ಎಂದು ಅವನೇ ಹೇಳಿಕೊಂಡಿದ್ದಾನೆ. ಇದನ್ನು ಓದಿದಾಗ ನಮ್ಮಮ್ಮ ಕಾಟನ್ ಸೀರೆಗೆ ಗಂಜಿ ಹಾಕುವುದು ನೆನಪಾಯಿತು. ನಾವೂ ಯಾಕೆ ಮಾಡಬಾರದು?

ಚಿಕ್ಕಪೇಟೆಯಲ್ಲಿ ಫೆಲ್ಟ್ ತಂದೆ. ಹನ್ನೆರಡು ಇಂಚಿಗೆ ಸ್ವಲ್ಪ ಕಡಿಮೆ ಗುಂಡಗೆ ಕತ್ತರಿಸಿದೆ. ಅಮ್ಮ ಅನ್ನ ಬಸಿದ ಗಂಜಿ ಕೊಟ್ಟರು. "ತೆಳು ಮಾಡ್ಕೋ" ಅಂದರು, ನಾನು ಕೇಳಲಿಲ್ಲ. ಒಣಗಿದ ಮೇಲೆ ಅದು ಹಪ್ಪಳವಾಗಿತ್ತು. ಬಗ್ಗಿಸಿದರೆ ಪಟ್ ಎನ್ನುತ್ತಿತ್ತು. ರಾತ್ರಿ ಇರುವೆಗಳೂ ಬಂದವು. ಎರಡನೇ ಸಲ ಗಂಜಿಗೆ ಮೂರು ಪಾಲು ನೀರು ಹಾಕಿ, ಅರ್ಧ ಒದ್ದೆ ಇರುವಾಗಲೇ ಇಸ್ತ್ರಿ ಹೊಡೆದೆ. ಅದು ಬಂತು ನೋಡಿ! ಅದರ ಕೆಳಗೆ ಹಳೇ ಎಲ್‌ಪಿಯ ಒಳಕವರಿನ ತೆಳು ಪ್ಲಾಸ್ಟಿಕ್ ಗುಂಡಗೆ ಕತ್ತರಿಸಿ ಹಾಕಿದೆ. ಈಗ ಒಂದು ಬೆರಳು ಸಾಕು, ರೆಕಾರ್ಡ್ ನಿಲ್ಲುತ್ತದೆ, ತಟ್ಟೆ ಓಡುತ್ತದೆ.

ಮಿಕ್ಸರ್ ವಿಷಯ ಬೇಗ ಹೇಳಿಬಿಡುತ್ತೇನೆ. ಎರವಲು ತಂದ ಎರಡು ಚಾನೆಲ್‌ನದು. ಒಂದು ಡೆಕ್ಕಿನ ಸದ್ದಿನಿಂದ ಇನ್ನೊಂದಕ್ಕೆ ಸರಿಸುವ ಗುಂಡಿ, ಅಂದರೆ ಕ್ರಾಸ್‌ಫೇಡರ್, ತುದಿಯಿಂದ ಸುಮಾರು ಐದು ಮಿ.ಮೀ. ಸರಿಸಿದ ಮೇಲೆ ಸದ್ದು ತೆರೆಯುತ್ತಿತ್ತು. ಸ್ಕ್ರ್ಯಾಚ್ ಮಾಡುವವರಿಗೆ ಅದು ಮೈಲಿ ದೂರ. ಹೊಸ ಫೇಡರ್‌ಗೆ ದುಡ್ಡು ಹಾಕುವ ಬದಲು ಸೀಳಿನ ತುದಿಗೆ ರಟ್ಟಿನ ಸಣ್ಣ ತುಂಡು ಅಂಟಿಸಿ, ಫೇಡರ್ ಅಷ್ಟು ಹಿಂದೆ ಹೋಗದ ಹಾಗೆ ಮಾಡಿದೆ. ನೋಡಲು ಚೆಂದ ಇಲ್ಲ, ಕೆಲಸ ಮಾಡುತ್ತದೆ.

ಕಾರ್ಟ್ರಿಜ್ ನನ್ನ ಹತ್ತಿರ ಶೂರ್ ಎಂ44-7 ಇತ್ತು. ಆ ಕಂಪನಿ 2018ರಲ್ಲಿ ಕಾರ್ಟ್ರಿಜ್ ಮಾಡುವುದನ್ನೇ ನಿಲ್ಲಿಸಿತು. ಅದಕ್ಕೆ ಇರುವ ಸೂಜಿಯನ್ನು ಚಿನ್ನದ ಹಾಗೆ ನೋಡಿಕೊಳ್ಳುತ್ತೇನೆ. ಹೆಡ್‌ಶೆಲ್‌ನ ಹಿಂದಿನ ವಾಷರಿನಿಂದ ಸೂಜಿ ತುದಿಗೆ 52 ಮಿ.ಮೀ., ರೆಕಾರ್ಡ್ ಮೇಲೆ ಸೂಜಿಯ ಭಾರ ಮೂರು ಗ್ರಾಂ. ಟೋನ್‌ಆರ್ಮ್ ಒಳಕ್ಕೆ ಜಗ್ಗದ ಹಾಗೆ ತಡೆಯುವ ಆಂಟಿಸ್ಕೇಟ್ ಸೊನ್ನೆ, ಯಾಕೆಂದರೆ ಹಿಂದೆ ಮುಂದೆ ಉಜ್ಜುವಾಗ ಅದರಿಂದ ಉಪಯೋಗವಿಲ್ಲ.

ಯಾವ ಮಾತು ಉಜ್ಜಿದರೆ ಚೆಂದ

ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ಗೆ ಮೂರು ಭಾನುವಾರ ಹೋದೆ. ಮೊದಲ ಸಲ ಹೆಮ್ಮೆಯಿಂದ ಒಂದು ದಪ್ಪ ರೆಕಾರ್ಡ್ ತಂದೆ. ಮನೆಗೆ ಬಂದು ನೋಡಿದರೆ 78 ಆರ್‌ಪಿಎಂನ ಅರಗಿನ ತಟ್ಟೆ. ಎಂಕೆ2ನಲ್ಲಿ 33 ಮತ್ತು 45 ಮಾತ್ರ ಇದೆ. ಇದ್ದರೂ ಆ ಅಗಲ ಗೆರೆಗೆ ನನ್ನ ಸೂಜಿ ಆಗದು. ಅದೀಗ ಗೋಡೆ ಮೇಲಿದೆ.

ಮೂರನೇ ಸಲ ಸಿಕ್ಕಿದ್ದು ಕನ್ನಡದ ಒಂದು ನಾಟಕದ ಎಲ್‌ಪಿ. ಹೊರಕವರ್ ಇಲ್ಲ, ಲೇಬಲ್ ಅರ್ಧ ಹರಿದು ಹೆಸರೇ ಕಾಣುವುದಿಲ್ಲ. ಆದರೆ ಮಾತೋ ಮಾತು. ರಾಜ ಗುಡುಗುತ್ತಾನೆ, ವಿದೂಷಕ ಕೀರಲು ದನಿಯಲ್ಲಿ ನಗುತ್ತಾನೆ. ಹುಡುಗನನ್ನು ಕೂರಿಸಿಕೊಂಡು ಒಂದೊಂದೇ ಮಾತು ಉಜ್ಜಿ ನೋಡಿದೆವು.

ಫೇಡರ್ ಮುಟ್ಟದೆ ಬರೀ ಕೈಯಿಂದ ಹಿಂದೆ ಮುಂದೆ ಮಾಡುವುದಕ್ಕೆ ಬೇಬಿ ಸ್ಕ್ರ್ಯಾಚ್ ಅಂತಾರೆ. ಸ್ಕ್ರ್ಯಾಚ್ ಹುಟ್ಟಿದ್ದೇ ಹಾಗೆ. 1970ರ ದಶಕದ ಮಧ್ಯದಲ್ಲಿ ಬ್ರಾಂಕ್ಸ್‌ನ ಹುಡುಗ ಥಿಯೋಡೋರ್ ಕೋಣೆಯಲ್ಲಿ ಜೋರಾಗಿ ಹಾಡು ಹಾಕಿದ್ದಾಗ ಅಮ್ಮ ಬಾಗಿಲಿಗೆ ಬಂದು ಬೈದರಂತೆ. ಅವರು ಬೈದು ಮುಗಿಸುವ ತನಕ ರೆಕಾರ್ಡನ್ನು ಕೈಯಲ್ಲಿ ತಡೆದು ಹಿಂದೆ ಮುಂದೆ ಆಡಿಸುತ್ತಿದ್ದನಂತೆ. ಮುಂದೆ ಅವನೇ ಗ್ರ್ಯಾಂಡ್ ವಿಝರ್ಡ್ ಥಿಯೋಡೋರ್.

‘ನಮಸ್ಕಾರ’ ಮೊದಲು ನೋಡಿದೆವು. ಆಗಲಿಲ್ಲ. 33ರ ವೇಗದಲ್ಲಿ ರೆಕಾರ್ಡ್ ಒಂದು ಸುತ್ತು ಹಾಕಲು 1.8 ಸೆಕೆಂಡ್. ರಾಜ ಎಳೆದು ಹೇಳುವ ನಮಸ್ಕಾರಕ್ಕೆ ಒಂದು ಸೆಕೆಂಡಿಗೂ ಜಾಸ್ತಿ ಬೇಕು, ಅಂದರೆ ಅರ್ಧ ಸುತ್ತಿಗಿಂತ ಹೆಚ್ಚು. ಕೈ ಅಷ್ಟು ತಿರುಗುವುದಿಲ್ಲ. ಕೈಗೆ ಹಿತವಾಗಿ ಸಿಗುವುದು ಕಾಲು ಸುತ್ತು, ಸುಮಾರು ಅರ್ಧ ಸೆಕೆಂಡಿನ ಮಾತು. ‘ಅಯ್ಯೋ’ ಅಳತೆಗೆ ಸರಿ, ಆದರೆ ಮೆತ್ತಗೆ ಶುರುವಾಗುತ್ತದೆ. ಉಜ್ಜಿದರೆ ಸೈರನ್ ಹಾಗೆ ಕೇಳಿತು. ‘ಬಾರೋ’ ಪರವಾಗಿಲ್ಲ. ‘ಬ’ಕಾರದ ಹೊಡೆತ ಮುಂದೆ ತಳ್ಳುವಾಗ ಚೆನ್ನಾಗಿದೆ, ಹಿಂದೆ ಎಳೆಯುವಾಗ ಕಾಣೆಯಾಗುತ್ತದೆ. ಕನ್ನಡದ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವಲ್ಲ, ಹಿಂದಕ್ಕೆ ಎಳೆದಾಗ ಮೊದಲು ಬರುವುದು ಆ ಸ್ವರ, ಹಾಗಾಗಿ ಹಲ್ಲಿಲ್ಲದ ಬಾಯಿಯ ಹಾಗೆ ಕೇಳುತ್ತದೆ.

ಆಮೇಲೆ ಎರಡನೇ ಬದಿಯಲ್ಲಿ ರಾಜ ಯಾರನ್ನೋ ಮೆಚ್ಚಿ ‘ಶಭಾಷ್’ ಅಂದ. ಹುಡುಗ ಎದ್ದು ನಿಂತ. ಮೊದಲಲ್ಲಿ ‘ಶ’, ಕೊನೆಯಲ್ಲಿ ‘ಷ್’, ನಡುವೆ ಬಾಯಿ ತೆರೆದ ‘ಭಾ’. ಮುಂದೆ ತಳ್ಳಿದರೂ ಹಿಂದೆ ಎಳೆದರೂ ಆ ಸೀಟಿಯಂಥ ಸದ್ದಿನಿಂದಲೇ ಶುರು. ‘ಫ್ರೆಶ್’ ಅಷ್ಟು ಕಾಲ ಯಾಕೆ ಓಡಿತು ಅಂತ ಆಗ ಹೊಳೆಯಿತು. ಅದೂ ಉಸಿರಿನ ಸದ್ದಿನಿಂದ ಶುರುವಾಗಿ ಉಸಿರಿನ ಸದ್ದಿನಲ್ಲೇ ಮುಗಿಯುತ್ತದೆ.

ಮಾತು ಎಲ್ಲಿದೆ ಎಂದು ಪ್ರತಿ ಸಲ ಹುಡುಕಲಾಗದು. ಫ್ಲ್ಯಾಶ್ ಕ್ರೇಯಾನ್‌ನಿಂದ ರೆಕಾರ್ಡ್ ಮೇಲೆ ಗೆರೆ ಎಳೆದು, ಗಡಿಯಾರದ ಮುಳ್ಳಿನ ಹಾಗೆ ನೋಡುತ್ತಿದ್ದ. ಹುಡುಗ ಅಜ್ಜಿಯ ಸ್ಟಿಕ್ಕರ್ ಬೊಟ್ಟು ಕಿತ್ತು ಲೇಬಲ್ ಮೇಲೆ ಅಂಟಿಸಿದ. ಕೆಂಪು ಬೊಟ್ಟು ಹನ್ನೆರಡು ಗಂಟೆಗೆ ಬಂದರೆ ‘ಶಭಾಷ್’.

ಒಂದು ಸಣ್ಣ ತಕರಾರು ಹುಡುಗನ ಮೇಲೆ. ಅವನ ಸಾಲುಗಳೆಲ್ಲ ಕೊನೆಯಲ್ಲಿ ಮಾತ್ರ ಪ್ರಾಸ ಕೂಡಿಸುತ್ತವೆ. ಹಳಗನ್ನಡದವರು ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಹಿಡಿಯುತ್ತಿದ್ದರು, ಒಂದು ಸಲ ಮಾಡಿ ನೋಡೋ ಅಂದೆ. "ಮಾಮಾ, ನೀವು ಸ್ಕ್ರೂ ಎಣಿಸಿ" ಅಂದ.

ವಿಡಿಯೋ

ವಿಡಿಯೋಗೆ ಮೇಲಿನಿಂದ ಕೈಗಳ ಶಾಟ್ ಬೇಕಿತ್ತು. ಎರಡು ಕುರ್ಚಿಗಳ ನಡುವೆ ಬಟ್ಟೆ ಒಣಗಿಸುವ ಕೋಲು ಇಟ್ಟು ಫೋನ್ ಕಟ್ಟಿದೆವು. ಮೊದಲ ಶಾಟ್‌ನಲ್ಲಿ ಚಿತ್ರದ ತುಂಬ ಕಪ್ಪು ಪಟ್ಟೆಗಳು ಹರಿದಾಡಿದವು. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಫೋನ್ ತಾನಾಗಿ ಹಿಡಿಯುವ 30 ಫ್ರೇಮ್‌ಗೆ ಅದು ಹೊಂದುವುದಿಲ್ಲ. 25 ಫ್ರೇಮ್, ಶಟರ್ 1/50 ಇಟ್ಟ ಮೇಲೆ ಪಟ್ಟೆ ಹೋಯಿತು. ಆದರೆ ಡೆಕ್ಕಿನ ಕೆಂಪು ದೀಪಕ್ಕೆ ಈ ಲೆಕ್ಕ ಇಲ್ಲ. ಕಣ್ಣಿಗೆ ನಿಂತ ಚುಕ್ಕೆಗಳು ಕ್ಯಾಮೆರಾದಲ್ಲಿ ತೇಲುತ್ತವೆ. ಅದು ಚೆಂದ ಕಂಡಿತು, ಹಾಗೇ ಬಿಟ್ಟೆವು.

ಸದ್ದನ್ನು ಬೇರೆಯಾಗಿ ಲ್ಯಾಪ್‌ಟಾಪ್‌ನಲ್ಲಿ ಹಿಡಿದು, ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದು ಆಮೇಲೆ ಕೂಡಿಸಿದೆವು. ಸ್ಕ್ರ್ಯಾಚ್ ವಿಡಿಯೋದಲ್ಲಿ ಕೈ ಒಂದು, ಸದ್ದು ಇನ್ನೊಂದು ಆದರೆ ಯಾರೂ ಕ್ಷಮಿಸುವುದಿಲ್ಲ. ಹಾಡಿನಲ್ಲಿ ತುಟಿ ತಪ್ಪಿದರೂ ನಡೆಯುತ್ತದೆ.

ಹುಡುಗ ಎರಡು ದಿನ ಅದೇ ಮಾತು ಉಜ್ಜಿದ. ಇನ್ನೂರು ಸಲ ಆಗಿರಬೇಕು. ಮೂರನೇ ದಿನ ಕೇಳಿದರೆ ‘ಶಭಾಷ್’ ಮುಂದೆ ಒಂದು ಸಣ್ಣ ‘ಸ್ಸ್’. ಒಂದೇ ಕಡೆ ಸೂಜಿ ಹಿಂದೆ ಮುಂದೆ ಹೋಗಿ ಗೆರೆ ಸವೆಯುವುದಕ್ಕೆ ಡಿಜೆಗಳು ಕ್ಯೂ ಬರ್ನ್ ಅಂತಾರೆ. ಇನ್ನೊಂದು ಪ್ರತಿ ನಮ್ಮ ಹತ್ತಿರ ಇಲ್ಲ. ಆ ನಾಟಕದ ಹೆಸರೇ ಗೊತ್ತಿಲ್ಲ, ಎಲ್ಲಿ ಹುಡುಕುವುದು? ಹುಡುಗ ಮುಖ ಸಣ್ಣ ಮಾಡಿಕೊಂಡ. ನಾವಿಬ್ಬರೂ ಮತ್ತೆ ಹೆಡ್‌ಫೋನ್ ಹಾಕಿ ಕೇಳಿದೆವು. ಸವೆದ ಗೆರೆಯ ‘ಸ್ಸ್’ ನೇರ ಹೋಗಿ ರಾಜನ ‘ಶ’ದೊಳಗೆ ಸೇರಿಕೊಂಡಿತ್ತು. ಮೊದಲಿಗಿಂತ ಚುರುಕಾಗಿತ್ತು. ಹಾಡಿಗೆ ಹಾಕಿದ್ದು ಆ ಮೂರನೇ ದಿನದ್ದೇ.